ನೆಟ್ ಕೊಟ್ಟವರೇ ಕಾವಲೂ ಕಾಯುತ್ತಾರಾ? ಮನೆ, ಅಂಗಡಿ ಮೋಡೆಮ್‌ನಲ್ಲಿ ಏನೋ ಸರಿ ಇಲ್ಲ ಅನಿಸಿದಾಗ ನೋಡಬೇಕಾದ್ದು

ತುಮಕೂರಿನ ಮಂಡಿಪೇಟೆಯಲ್ಲಿ ಅಡಿಕೆ ವ್ಯಾಪಾರ ಮಾಡುವ ಹಿರಿಯರೊಬ್ಬರು ಒಂದು ಸಂಜೆ ನನಗೆ ಫೋನ್ ಮಾಡಿದರು. ನೆಟ್ ಓಡ್ತಾನೇ ಇಲ್ಲ, ಬಿಲ್ ಹಾಕೋಕಾಗ್ತಿಲ್ಲ ಅಂತ. ಹೋಗಿ ಮೋಡೆಮ್ ಒಳಗೆ ನೋಡಿದೆ. ಅಂಗಡಿಯಲ್ಲಿ ಇದ್ದದ್ದು ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಮೂರು ಮೊಬೈಲ್. ಪಟ್ಟಿಯಲ್ಲಿ ಕಂಡದ್ದು 14. ವೈಫೈ ಪಾಸ್‌ವರ್ಡ್ ಕೇಳಿದೆ. ಅಂಗಡಿಯ ಫೋನ್ ನಂಬರ್ ಅಂದರು. ಆ ನಂಬರ್ ಹೊರಗೆ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿತ್ತು.

"ಕಂಪನಿ ಹುಡುಗನೇ ಹಾಕ್ಕೊಟ್ಟು ಹೋದ್ನಲ್ಲಪ್ಪಾ, ಎಲ್ಲ ಭದ್ರವಾಗೇ ಇರುತ್ತೆ ಅಂದ್ಕೊಂಡಿದ್ದೆ" ಅಂದರು.

ಅವರು ಹಾಗೆ ಅಂದುಕೊಂಡದ್ದರಲ್ಲಿ ತಪ್ಪಿಲ್ಲ. ತಿಂಗಳು ತಿಂಗಳು ದುಡ್ಡು ಕಟ್ಟುತ್ತೇವೆ, ಡಬ್ಬ ಅವರದೇ, ಜೋಡಿಸಿದವರೂ ಅವರೇ. ಆದರೆ ಕರೆಂಟಿನ ವಿಷಯ ನೆನಪಿಸಿಕೊಳ್ಳಿ. ಮೀಟರ್ ತನಕ ಬೆಸ್ಕಾಂ, ಮೀಟರಿನಿಂದ ಈಚೆಗೆ ಮನೆ ವೈರಿಂಗ್ ನಮ್ಮದು. ನೆಟ್‌ನಲ್ಲೂ ಹೆಚ್ಚುಕಡಿಮೆ ಹೀಗೇ. ತೊಡಕು ಒಂದೇ. ಮೋಡೆಮ್ ನಮ್ಮ ಗೋಡೆ ಮೇಲಿದ್ದರೂ ಅದರ ಒಂದು ಬೀಗದ ಕೈ ಅವರ ಹತ್ತಿರ ಇರುತ್ತದೆ. ಎಷ್ಟೋ ಮನೆಗಳಲ್ಲಿ ನಮ್ಮ ಹತ್ತಿರ ಒಂದೂ ಇರುವುದಿಲ್ಲ. ಲೈನ್ ಕೊಟ್ಟವರು ಲೈನ್ ನಡೆಯುತ್ತಿದೆಯಾ ಅಂತ ನೋಡುತ್ತಾರೆ. ನಿಮ್ಮ ಕ್ಯಾಮೆರಾವನ್ನು ಯಾರು ನೋಡುತ್ತಿದ್ದಾರೆ, ನಿಮ್ಮ ಲೆಕ್ಕದ ಫೈಲನ್ನು ಯಾರು ತೆರೆದರು ಅನ್ನೋದು ಅವರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ನಾವೇ ನೋಡಬೇಕು. ನೋಡುವುದು ಕಷ್ಟವೂ ಅಲ್ಲ.

ಕೈ ಹಾಕುವ ಮುಂಚೆ ಎರಡು ಮಾತು. ಫೈಬರ್ ತುದಿಯನ್ನು ಕಣ್ಣಿಗೆ ನೇರ ಹಿಡಿದು ನೋಡಬೇಡಿ. ಅದರಲ್ಲಿ ಬರುವ ಲೇಸರ್ ಬೆಳಕು ನಮಗೆ ಕಾಣಿಸುವುದಿಲ್ಲ, ಕಣ್ಣಿಗೆ ಮಾತ್ರ ಪೆಟ್ಟು ಕೊಡಬಹುದು. ಮುರಿದ ತುದಿಯಲ್ಲಿ ಗಾಜಿನ ಚೂರು ಇರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ. ನಮ್ಮೂರಲ್ಲಿ ಕೇಬಲ್‌ಗಳು ಕರೆಂಟ್ ಕಂಬದ ಮೇಲೇ ಹಾದು ಬರುತ್ತವೆ. ಲೈನ್ ಜೋತುಬಿದ್ದಿದೆ ಅಂತ ಏಣಿ ಹಾಕಿಕೊಂಡು ಹತ್ತುವ ಕೆಲಸ ನಿಮ್ಮದಲ್ಲ.

ಸಂಜೆಯಾದರೆ ನೆಟ್ ತೆವಳುತ್ತದೆ

ಮೊದಲು ಮೋಡೆಮ್ ದೀಪ ನೋಡಿ. ಎಲ್‌ಓಎಸ್ ಅಂತ ಬರೆದಿರುವ ದೀಪ ಕೆಂಪಗಿದ್ದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ ಅಂತ. ಎಲ್ಲೋ ವೈರ್ ತುಂಡಾಗಿದೆ ಅಥವಾ ತೀರಾ ಮಡಚಿಕೊಂಡಿದೆ. ಇದು ಕಳ್ಳತನದ ವಿಷಯ ಅಲ್ಲ. ಲೈನ್‌ಮನ್‌ಗೆ ಫೋನ್ ಮಾಡಿ, ಅಷ್ಟೇ.

ದೀಪಗಳು ಸರಿಯಿದ್ದರೆ ಒಂದು ಕಂಪ್ಯೂಟರಿಗೆ ನೇರ ವೈರ್ ಹಾಕಿ ವೇಗ ನೋಡಿ. ವೈರ್‌ನಲ್ಲಿ ಚೆನ್ನಾಗಿ ಬಂದು ವೈಫೈನಲ್ಲಿ ಮಾತ್ರ ನಿಧಾನ ಅಂದರೆ ದೂರ, ಗೋಡೆ, ಪಕ್ಕದ ಅಂಗಡಿಗಳ ವೈಫೈ ಗಲಾಟೆ ಕಾರಣ ಇರಬಹುದು. ವೈರ್‌ನಲ್ಲೂ ನಿಧಾನ ಇದ್ದರೆ ಎರಡು ಸಾಧ್ಯತೆ. ಸಂಜೆ ಎಲ್ಲರೂ ಒಟ್ಟಿಗೆ ಬಳಸಿ ಲೈನ್ ತುಂಬಿದೆ. ಇಲ್ಲವೇ ನಿಮ್ಮ ನೆಟ್ ಅನ್ನು ಬೇರೆ ಯಾರೋ ಬಳಸುತ್ತಿದ್ದಾರೆ.

ಎರಡನೆಯದನ್ನು ತಿಳಿಯಲು ಮೋಡೆಮ್ ಪುಟ ತೆರೆಯಬೇಕು. ಬ್ರೌಸರ್‌ನಲ್ಲಿ ಹೆಚ್ಚಾಗಿ 192.168.1.1 ಅಂತ ಹಾಕಿದರೆ ಬರುತ್ತದೆ. ಬರದಿದ್ದರೆ ಡಬ್ಬದ ಹಿಂದಿನ ಚೀಟಿಯಲ್ಲಿ ವಿಳಾಸ ಇರುತ್ತದೆ. ಒಳಗೆ ಕನೆಕ್ಟೆಡ್ ಡಿವೈಸಸ್ ಅನ್ನೋ ಪಟ್ಟಿ ಹುಡುಕಿ. ಗೊತ್ತಿಲ್ಲದ ಹೆಸರು ಕಂಡ ಕೂಡಲೇ ಗಾಬರಿ ಬೇಡ. ಟಿವಿ, ಸ್ಮಾರ್ಟ್ ಪ್ಲಗ್‌ಗಳ ಹೆಸರು ವಿಚಿತ್ರವಾಗಿರುತ್ತದೆ. ಈಚಿನ ಫೋನ್‌ಗಳು ತಮ್ಮ ನಿಜವಾದ ಗುರುತನ್ನು ಮರೆಸಿ ಬೇರೆ ನಂಬರ್ ತೋರಿಸುತ್ತವೆ. ಎಣಿಸಿಕೊಂಡು ಕೂರುವುದಕ್ಕಿಂತ ಸುಲಭದ ದಾರಿ ವೈಫೈ ಪಾಸ್‌ವರ್ಡ್ ಬದಲಿಸುವುದು. ಆಮೇಲೆ ನಿಮ್ಮ ಸಾಧನಗಳನ್ನು ಒಂದೊಂದಾಗಿ ಸೇರಿಸಿ. ವೇಗ ವಾಪಸ್ ಬಂತಾ? ಹಾಗಾದರೆ ಯಾರೋ ಒಳಗಿದ್ದಿರಬಹುದು.

ಪಾಸ್‌ವರ್ಡ್ 12 ಅಕ್ಷರಕ್ಕಿಂತ ಜಾಸ್ತಿ ಇರಲಿ. ಫೋನ್ ನಂಬರ್, ಅಂಗಡಿ ಹೆಸರು, ಮಗುವಿನ ಹೆಸರಿನ ಮುಂದೆ 123, ಇವು ಬೇಡವೇ ಬೇಡ. ಅಜ್ಜಿ ಹೇಳುತ್ತಿದ್ದ ಯಾವುದೋ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನಿಮಗೆ ನೆನಪಿರುತ್ತದೆ, ಬೇರೆಯವರಿಗೆ ಹೊಳೆಯುವುದಿಲ್ಲ. ವೈಫೈ ಭದ್ರತೆಯ ಬಗೆ ಆರಿಸುವ ಕಡೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ. ಡಬ್ಲ್ಯುಪಿಎಸ್ ಅನ್ನೋದು ಪಾಸ್‌ವರ್ಡ್ ಬದಲು ಬಟನ್ ಅಥವಾ ಪಿನ್‌ನಿಂದ ವೈಫೈಗೆ ಸೇರಿಸುವ ಸೌಲಭ್ಯ, ಅದನ್ನು ಆಫ್ ಮಾಡಿ. ಅದರ 8 ಅಂಕಿಯ ಪಿನ್ ನೋಡಲು ಗಟ್ಟಿ, ಆದರೆ ಸುಮಾರು 11,000 ಸಲ ಪ್ರಯತ್ನಿಸಿದರೆ ಸಿಕ್ಕಿಬಿಡುತ್ತದೆ ಅಂತ 2011ರಲ್ಲೇ ಗೊತ್ತಾಗಿದೆ. ಕಂಪ್ಯೂಟರಿಗೆ ಇದು ದೊಡ್ಡ ಕೆಲಸ ಅಲ್ಲ.

ಪಿಜಿ ನಡೆಸುವವರು, ಗಿರಾಕಿಗಳಿಗೆ ವೈಫೈ ಕೊಡುವ ಹೋಟೆಲಿನವರು ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿ. ನಿಮ್ಮ ಸಂಪರ್ಕದಿಂದ ಯಾರು ಏನೇ ಮಾಡಿದರೂ, ಪೊಲೀಸರು ಜಾಡು ಹಿಡಿದು ಮೊದಲು ಬರುವುದು ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರ ಬಾಗಿಲಿಗೆ.

ಒಂದು ಸೈಟ್ ತೆರೆದರೆ ಇನ್ನೊಂದು ಬರುತ್ತದೆ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬ್ಯಾಂಕಿನ ಹೆಸರು ಟೈಪ್ ಮಾಡಿದ್ದೀರಿ, ಪುಟ ಸ್ವಲ್ಪ ಬೇರೆ ಥರ ಕಾಣುತ್ತಿದೆ. ಅಥವಾ ಎಲ್ಲ ಕಡೆ ಲಾಟರಿ, ಜೂಜಿನ ಜಾಹೀರಾತು ಹಾರಿ ಬರುತ್ತಿದೆ.

ಪೈಸೆ ಖರ್ಚಿಲ್ಲದ ಪರೀಕ್ಷೆ ಇದು. ಅದೇ ಫೋನಿನಲ್ಲಿ ವೈಫೈ ಆಫ್ ಮಾಡಿ, ಸಿಮ್ ಡೇಟಾದಲ್ಲಿ ಅದೇ ಸೈಟ್ ನೋಡಿ. ಎರಡರಲ್ಲೂ ಕಾಟ ಇದ್ದರೆ ದೋಷ ಫೋನಿನಲ್ಲಿದೆ. ಬೇಡದ ಆ್ಯಪ್ ತೆಗೆಯಿರಿ. ಸಿಮ್ ಡೇಟಾದಲ್ಲಿ ಸರಿಯಿದ್ದು ವೈಫೈನಲ್ಲಿ ಮಾತ್ರ, ಅದೂ ಮನೆಯ ಎಲ್ಲ ಫೋನ್‌ಗಳಲ್ಲೂ ಹೀಗಾದರೆ, ದೋಷ ಮೋಡೆಮ್‌ನಲ್ಲಿ ಅಥವಾ ಲೈನ್‌ನಲ್ಲಿ ಇದೆ.

ಎರಡು ಸಂದರ್ಭದಲ್ಲಿ ಮಾತ್ರ ಬೇರೆ ಪುಟ ಬರುವುದು ಸಹಜ. ಬಿಲ್ ಕಟ್ಟಿಲ್ಲದಿದ್ದರೆ ಕಂಪನಿಯವರು ತಮ್ಮ ರೀಚಾರ್ಜ್ ಪುಟಕ್ಕೆ ಕಳಿಸುತ್ತಾರೆ. ಸರ್ಕಾರ ತಡೆದ ಸೈಟ್ ಆಗಿದ್ದರೆ ದೂರಸಂಪರ್ಕ ಇಲಾಖೆಯ ಸೂಚನೆಯಂತೆ ತಡೆಯಲಾಗಿದೆ ಅನ್ನೋ ಸಾಲು ಕಾಣಬಹುದು. ರೀಚಾರ್ಜ್ ಪುಟ ಬಂದರೂ ಅಲ್ಲೇ ದುಡ್ಡು ಕಟ್ಟಬೇಡಿ. ನೀವು ಯಾವಾಗಲೂ ಕಟ್ಟುವ ಆ್ಯಪ್‌ನಲ್ಲಿ ಬಾಕಿ ಇದೆಯಾ ನೋಡಿ, ಅಲ್ಲೇ ಕಟ್ಟಿ.

ಇವೆರಡೂ ಅಲ್ಲ ಅಂದರೆ ಡಿಎನ್‌ಎಸ್ ನೋಡಬೇಕು. ಸೈಟಿನ ಹೆಸರು ಹೇಳಿದರೆ ಅದರ ನಂಬರ್ ಹುಡುಕಿ ಕೊಡುವ ವ್ಯವಸ್ಥೆ ಇದು. ಆಟೋದವರಿಗೆ ಬಟವಾಡಿ ಅಂದರೆ ಬೇಕಂತಲೇ ಕ್ಯಾತ್ಸಂದ್ರಕ್ಕೆ ಕರೆದುಕೊಂಡು ಹೋಗಿ ಇದೇ ಬಟವಾಡಿ ಅಂದರೆ ಹೇಗೆ? ಡಿಎನ್‌ಎಸ್ ಬದಲಿಸಿದ ಕಳ್ಳರು ಮಾಡುವುದು ಅದನ್ನೇ. ಬ್ರೆಜಿಲ್‌ನಲ್ಲಿ 2011ರಿಂದ ಸುಮಾರು 45 ಲಕ್ಷ ಮೋಡೆಮ್‌ಗಳ ಡಿಎನ್‌ಎಸ್ ಹೀಗೆ ಬದಲಾಗಿತ್ತು. ಜನ ತಮ್ಮ ಬ್ಯಾಂಕಿನ ಹೆಸರನ್ನು ಸರಿಯಾಗೇ ಟೈಪ್ ಮಾಡುತ್ತಿದ್ದರು. ಹೋಗುತ್ತಿದ್ದದ್ದು ನಕಲಿ ಪುಟಕ್ಕೆ. ಅವರ ಕಂಪ್ಯೂಟರಿನಲ್ಲಿ ಯಾವ ವೈರಸ್ಸೂ ಇರಬೇಕಾಗಿರಲಿಲ್ಲ, ಹಾಳಾಗಿದ್ದದ್ದು ಮೋಡೆಮ್.

ಮೋಡೆಮ್ ಪುಟದಲ್ಲಿ ವ್ಯಾನ್ (WAN, ಹೊರಗಿನ ಲೈನ್) ಅನ್ನೋ ಕಡೆ ಮತ್ತು ಡಿಎಚ್‌ಸಿಪಿ (DHCP, ಮನೆಯ ಸಾಧನಗಳಿಗೆ ನಂಬರ್ ಹಂಚುವುದು) ಅನ್ನೋ ಕಡೆ, ಎರಡೂ ಕಡೆ ಡಿಎನ್‌ಎಸ್ ನಂಬರ್ ಇರುತ್ತದೆ. ಫೋಟೋ ತೆಗೆದುಕೊಳ್ಳಿ. ಕಂಪನಿಗೆ ಫೋನ್ ಮಾಡಿ ಈ ನಂಬರ್ ನಿಮ್ಮದೇನಾ ಅಂತ ಕೇಳಿ. ಅಲ್ಲ ಅಂದರೆ ಬದಲಿಸಿ, ಮೋಡೆಮ್ ಒಳಗಿನ ಪಾಸ್‌ವರ್ಡ್ ಬದಲಿಸಿ, ಆ ದಿನಗಳಲ್ಲಿ ಈ ವೈಫೈನಲ್ಲಿ ಬಳಸಿದ ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್‌ಗಳನ್ನು ಸಿಮ್ ಡೇಟಾದಿಂದ ಬದಲಿಸಿ. ಡಿಎನ್‌ಎಸ್ ಜಾಗದಲ್ಲಿ ಯಾರು ಬೇಕಾದರೂ ಬಳಸಬಹುದಾದ 1.1.1.1 ಅಥವಾ 9.9.9.9 ಹಾಕಿಕೊಳ್ಳಬಹುದು. ಎರಡನೆಯದು ಕೆಟ್ಟದ್ದು ಅಂತ ಗೊತ್ತಿರುವ ಸೈಟ್‌ಗಳನ್ನು ತಡೆಯುತ್ತದೆ. ಹಾಗಂತ ಅಲ್ಲಿಗೆ ಎಲ್ಲ ಮುಗಿಯಲಿಲ್ಲ. ನಂಬಿಕೆಯನ್ನು ಒಬ್ಬರ ಕೈಯಿಂದ ತೆಗೆದು ಇನ್ನೊಬ್ಬರ ಕೈಗೆ ಕೊಟ್ಟಿದ್ದೀರಿ, ಅಷ್ಟೇ.

ಇಲ್ಲಿ ನಿಲ್ಲಬೇಕಾದ ಜಾಗ ಒಂದಿದೆ. ಬ್ಯಾಂಕ್ ಅಥವಾ ಜಿಎಸ್‌ಟಿ ಸೈಟ್ ತೆರೆದಾಗ ಸಂಪರ್ಕ ಸುರಕ್ಷಿತವಲ್ಲ ಅನ್ನೋ ಎಚ್ಚರಿಕೆ ಬಂದರೆ ಮುಂದುವರಿಯಿರಿ ಅನ್ನೋದನ್ನು ಒತ್ತಲೇಬೇಡಿ. ಫೋನಿನ ದಿನಾಂಕ ತಪ್ಪಾಗಿದ್ದರೂ ಈ ಎಚ್ಚರಿಕೆ ಬರುತ್ತದೆ, ಅದನ್ನು ಮೊದಲು ನೋಡಿ. ದಿನಾಂಕ ಸರಿಯಿದ್ದೂ ಬರುತ್ತಿದ್ದರೆ ಆ ವೈಫೈನಲ್ಲಿ ದುಡ್ಡಿನ ಕೆಲಸ ನಿಲ್ಲಿಸಿ.

ಮೋಡೆಮ್ ಪಾಸ್‌ವರ್ಡ್ ತಾನೇ ಬದಲಾಗಿದೆ, ಸೆಟ್ಟಿಂಗ್ ಬೇರೆ ಆಗಿದೆ

ಇದು ಕಳ್ಳರ ಕೆಲಸವೂ ಆಗಿರಬಹುದು, ಕಂಪನಿಯದೂ ಆಗಿರಬಹುದು. ಕಂಪನಿಗಳು ದೂರದಿಂದಲೇ ಮೋಡೆಮ್ ನೋಡಿಕೊಳ್ಳಲು ಟಿಆರ್-069 ಅನ್ನೋ ಪದ್ಧತಿ ಬಳಸುತ್ತವೆ. 2004ರಿಂದ ಇದೆ. ನೀವು ದೂರು ಕೊಟ್ಟಾಗ ಅವರು ಕೂತಲ್ಲಿಂದಲೇ ಸರಿ ಮಾಡುವುದು, ಹೊಸ ಸಾಫ್ಟ್‌ವೇರ್ ಹಾಕುವುದು ಇದರಿಂದಲೇ. ಒಳ್ಳೆಯ ಸೌಲಭ್ಯ. ಆದರೆ ಬಾಗಿಲು ಅಂದಮೇಲೆ ಬಾಗಿಲೇ. 2016ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಈ ನಿರ್ವಹಣೆಯ ಬಾಗಿಲಿಗೇ, ಅಂದರೆ 7547 ಅನ್ನೋ ಪೋರ್ಟ್‌ಗೆ, ದಾಳಿ ಆಯಿತು. ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಏರುಪೇರಾಯಿತು. ಅಲ್ಲಿ ಗ್ರಾಹಕರು ಏನೂ ತಪ್ಪು ಮಾಡಿರಲಿಲ್ಲ.

ಮರುವರ್ಷ ನಮ್ಮ ದೇಶದಲ್ಲಿ ಆದದ್ದು ಬೇರೆ ಥರ. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳಿಗೆ ಮಾಲ್‌ವೇರ್, ಅಂದರೆ ಕೇಡು ಮಾಡುವ ಸಾಫ್ಟ್‌ವೇರ್, ಹೊಕ್ಕಿತು. ಪೆಟ್ಟು ತಿಂದದ್ದು 'ಅಡ್ಮಿನ್' ಅನ್ನೋ ಮೊದಲಿನ ಪಾಸ್‌ವರ್ಡ್ ಬದಲಿಸದೆ ಬಿಟ್ಟಿದ್ದ ಮೋಡೆಮ್‌ಗಳು. ಪಾಸ್‌ವರ್ಡ್ ಬದಲಿಸಿ ಅಂತ ಕಂಪನಿಯೇ ಗ್ರಾಹಕರನ್ನು ಕೇಳಿಕೊಂಡಿತು. ಈ ಎರಡು ಘಟನೆ ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ತಪ್ಪು ಯಾರ ಕಡೆಯದು ಅಂತ ಗೊತ್ತಾಗುತ್ತದೆ. ನಿರ್ವಹಣೆಯ ಬಾಗಿಲನ್ನು ಭದ್ರ ಮಾಡಬೇಕಾದ್ದು ಅವರು. ಮೊದಲಿನ ಪಾಸ್‌ವರ್ಡ್ ತೆಗೆಯಬೇಕಾದ್ದು ನಾವು. ಜೋಡಿಸಿ ಹೋಗುವಾಗಲೇ ಬದಲಿಸಿ ಕೊಡಬೇಕಾದ್ದು ಅವರು ಅಂತ ನನ್ನ ಗಟ್ಟಿ ಅಭಿಪ್ರಾಯ. ಆದರೆ ಅವರು ಮಾಡುವ ತನಕ ಕಾಯುತ್ತಾ ಕೂರಬೇಡಿ.

ವೈಫೈ ಪಾಸ್‌ವರ್ಡ್ ಬೇರೆ, ಮೋಡೆಮ್ ಒಳಗೆ ಹೋಗುವ ಪಾಸ್‌ವರ್ಡ್ ಬೇರೆ. ನಾನು ಹೋದ ಹತ್ತು ಮನೆಯಲ್ಲಿ ಎಂಟು ಮನೆಯವರು ಮೊದಲನೆಯದನ್ನು ಬದಲಿಸಿ, ಎರಡನೆಯದನ್ನು ಹಾಗೇ ಬಿಟ್ಟಿರುತ್ತಾರೆ.

ಪರೀಕ್ಷೆ ಹೀಗೆ ಮಾಡಿ. ಮೊದಲು ಕಂಪನಿಗೆ ಫೋನ್. ಈ ವಾರ ನನ್ನ ಮೋಡೆಮ್‌ಗೆ ನೀವು ಅಪ್‌ಡೇಟ್ ಕಳಿಸಿದ್ರಾ, ಪಾಸ್‌ವರ್ಡ್ ಬದಲಿಸಿದ್ರಾ ಅಂತ ನೇರ ಕೇಳಿ. ಹೌದು ಅಂದರೆ ಹೊಸ ಪಾಸ್‌ವರ್ಡ್ ಕೇಳಿ ಪಡೆಯಿರಿ. ಇಲ್ಲ ಅಂದರೆ ದೂರಿನ ನಂಬರ್ ಬರೆದುಕೊಂಡು ಮನೆಗೆ ಜನ ಕಳಿಸಲು ಹೇಳಿ. ಹೊರಗಿನಿಂದ ಮೋಡೆಮ್ ಪುಟ ತೆರೆಯುವ ಸೌಲಭ್ಯ, ಅಂದರೆ ರಿಮೋಟ್ ಮ್ಯಾನೇಜ್‌ಮೆಂಟ್, ಆಫ್ ಇದೆಯಾ ಅಂತ ಅವರ ಎದುರೇ ನೋಡಿಸಿ.

ಹಿಂದಿನ ಸಣ್ಣ ತೂತಿನೊಳಗೆ ಪಿನ್ ಹಾಕಿ ರೀಸೆಟ್ ಮಾಡಿ ಅಂತ ಯೂಟ್ಯೂಬ್‌ನಲ್ಲಿ ಸುಲಭವಾಗಿ ಹೇಳುತ್ತಾರೆ. ನಿಮ್ಮದೇ ದುಡ್ಡಿನ ರೌಟರ್‌ಗೆ ಅದು ಸರಿ. ಕಂಪನಿ ಕೊಟ್ಟ ಫೈಬರ್ ಡಬ್ಬಕ್ಕೆ ಸುಮ್ನೆ ಹಾಗೆ ಮಾಡಬೇಡಿ. ಲೈನ್ ಹಿಡಿಯಲು ಬೇಕಾದ ಯೂಸರ್ ಹೆಸರು, ವಿಲ್ಯಾನ್ ಅನ್ನೋ ಲೈನಿನ ನಂಬರ್ ಎಲ್ಲ ಅಳಿಸಿಹೋಗಿ ನೆಟ್ ಪೂರ್ತಿ ನಿಂತುಬಿಡಬಹುದು. ಶನಿವಾರ ಸಂಜೆ ಹೀಗೆ ಮಾಡಿಕೊಂಡು ಸೋಮವಾರದ ತನಕ ಬಿಲ್ಲಿಂಗ್ ಇಲ್ಲದೆ ಕೂತ ಅಂಗಡಿ ನೋಡಿದ್ದೇನೆ. ಬರೀ ಆಫ್ ಮಾಡಿ ಆನ್ ಮಾಡುವುದರಿಂದ ಯಾವ ತೊಂದರೆಯೂ ಇಲ್ಲ. ಮೋಡೆಮ್‌ಗೆ ಬರುವ ಕೆಲವು ಮಾಲ್‌ವೇರ್ ಡಬ್ಬದ ತಾತ್ಕಾಲಿಕ ಮೆಮೊರಿಯಲ್ಲಿ ಮಾತ್ರ ಇರುತ್ತವೆ, ಆಫ್ ಮಾಡಿದರೆ ಹೋಗುತ್ತವೆ. ಪಾಸ್‌ವರ್ಡ್ ಹಳೆಯದೇ ಇದ್ದರೆ ಅಷ್ಟೇ ಬೇಗ ವಾಪಸ್ ಬರುತ್ತವೆ.

ಅಂಗಡಿ, ಕ್ಲಿನಿಕ್, ಆಡಿಟರ್ ಆಫೀಸು ಇಟ್ಟವರಿಗೆ ನಾನು ಹೇಳುವುದು ಇಷ್ಟು. ಕಂಪನಿ ಡಬ್ಬದ ಹಿಂದೆ ನಿಮ್ಮದೇ ಒಂದು ರೌಟರ್ ಇಡಿ. ಎರಡು ಸಾವಿರದೊಳಗೆ ಸಾಧಾರಣದ್ದು ಸಿಗುತ್ತದೆ. ಕಂಪ್ಯೂಟರ್‌ಗಳೆಲ್ಲ ಅದರ ಕೆಳಗೆ ಬರಲಿ. ಆಗ ಒಳಗಿನ ಬೀಗದ ಕೈ ನಿಮ್ಮೊಬ್ಬರ ಹತ್ತಿರ ಮಾತ್ರ ಇರುತ್ತದೆ. ಕಂಪನಿ ಡಬ್ಬದ ವೈಫೈ ಆಫ್ ಮಾಡಿಬಿಡಿ, ಇಲ್ಲದಿದ್ದರೆ ಆ ಕಡೆಯ ಬಾಗಿಲು ತೆರೆದೇ ಇರುತ್ತದೆ.

ಕ್ಯಾಮೆರಾ ತಾನೇ ತಿರುಗುತ್ತದೆ, ಗೊತ್ತಿಲ್ಲದ ಕಡೆಯಿಂದ ಲಾಗಿನ್ ಆಗಿದೆ

ಕ್ಯಾಮೆರಾ ಆ್ಯಪ್‌ನಲ್ಲಿ ಯಾರ್‍ಯಾರ ಜೊತೆ ಹಂಚಿಕೊಂಡಿದೆ ಅಂತ ನೋಡಿ. ಎಷ್ಟೋ ಸಲ ಕ್ಯಾಮೆರಾ ಹಾಕಿದ ಹುಡುಗನ ಫೋನಿನಲ್ಲೇ ಇನ್ನೂ ಓಡುತ್ತಿರುತ್ತದೆ. ಆ ಹೆಸರು ತೆಗೆಯಿರಿ, ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡುವ ಡಬ್ಬದ, ಅಂದರೆ ಡಿವಿಆರ್‌ನ, ಪಾಸ್‌ವರ್ಡ್ ಬದಲಿಸಿ, ಅಪ್‌ಡೇಟ್ ಇದ್ದರೆ ಹಾಕಿ. 2016ರ ಮಿರೈ ಅನ್ನೋ ಮಾಲ್‌ವೇರ್ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳನ್ನು ಹಿಡಿದದ್ದು ಫ್ಯಾಕ್ಟರಿ ಪಾಸ್‌ವರ್ಡ್‌ಗಳ ಒಂದು ಚಿಕ್ಕ ಪಟ್ಟಿಯಿಂದಲೇ.

ಆಮೇಲೆ ಮೋಡೆಮ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಪಟ್ಟಿ, ಅಂದರೆ ಹೊರಗಿನಿಂದ ಒಳಗಿನ ಸಾಧನಕ್ಕೆ ಬರಲು ತೆರೆದಿಟ್ಟ ಬಾಗಿಲುಗಳ ಪಟ್ಟಿ, ನೋಡಿ. ಖಾಲಿ ಇರಬೇಕು. ಏನಾದರೂ ಇದ್ದು ಯಾಕೆ ಅಂತ ನಿಮಗೆ ಗೊತ್ತಿಲ್ಲದಿದ್ದರೆ ಫೋಟೋ ತೆಗೆದು ಅಳಿಸಿ. ಸಾಧನಗಳು ತಾವೇ ಇಂಥ ಬಾಗಿಲು ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿ ಆಫ್ ಮಾಡಿ.

ಚಿಕ್ಕ ಕಂಪನಿಗಳ ಲೈನ್‌ನಲ್ಲಿ ಒಂದೇ ಹೊರಗಿನ ಐಪಿ ನಂಬರನ್ನು, ಅಂದರೆ ನೆಟ್‌ನಲ್ಲಿನ ವಿಳಾಸವನ್ನು, ಹಲವು ಮನೆಗಳಿಗೆ ಹಂಚಿರುತ್ತಾರೆ. ಹಾಗಾಗಿ ಹೊರಗಿನವರು ನೇರ ನಿಮ್ಮ ಮನೆಗೆ ಬರಲು ಆಗುವುದಿಲ್ಲ. ನಮ್ಮದು ಸೇಫ್ ಸರ್ ಅಂತ ಕೆಲವರು ಹೇಳುವುದು ಇದನ್ನು ನಂಬಿಯೇ. ಆದರೆ ಐಪಿವಿ6 ಅನ್ನೋ ಹೊಸ ಬಗೆಯ ವಿಳಾಸ ಬಂದ ಲೈನ್‌ನಲ್ಲಿ ಪ್ರತಿ ಸಾಧನಕ್ಕೂ ತನ್ನದೇ ಹೊರಗಿನ ವಿಳಾಸ ಸಿಗುತ್ತದೆ. ಆಗ ಹೊರಗಿನವರನ್ನು ತಡೆಯುವ ಮೋಡೆಮ್‌ನ ಫೈರ್‌ವಾಲ್ ಆನ್ ಇದೆಯಾ ಅನ್ನೋದೇ ಮುಖ್ಯ. ಅದನ್ನೂ ಒಮ್ಮೆ ನೋಡಿ.

ಮಲಗುವ ಕೋಣೆ, ಮಕ್ಕಳ ಕೋಣೆಯ ಕ್ಯಾಮೆರಾದಲ್ಲಿ ಈ ಲಕ್ಷಣ ಕಂಡರೆ ಪರೀಕ್ಷೆ ಆಮೇಲೆ. ಮೊದಲು ಪ್ಲಗ್ ಕಿತ್ತುಬಿಡಿ.

ಫೈಲ್‌ಗಳು ತೆರೆಯುತ್ತಿಲ್ಲ, ದುಡ್ಡು ಕೊಡಿ ಅನ್ನೋ ಚೀಟಿ ಬಂದಿದೆ

ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಮಾಲ್‌ವೇರ್ ಇದು. ಇಲ್ಲಿ ನಿಮ್ಮ ರಿಪೇರಿ ನಿಲ್ಲಿಸಿ. ನೆಟ್ ವೈರ್ ಕೀಳಿ, ವೈಫೈ ಆಫ್ ಮಾಡಿ. ಬೇರೆ ಕಂಪ್ಯೂಟರ್‌ಗಳನ್ನೂ ನೆಟ್‌ನಿಂದ ಬಿಡಿಸಿ. ಕೆಟ್ಟ ಕಂಪ್ಯೂಟರನ್ನು ಆಫ್ ಮಾಡದೆ ಹಾಗೇ ಬಿಡಿ, ಫಾರ್ಮ್ಯಾಟ್ ಮಾಡಬೇಡಿ. ಬ್ಯಾಕಪ್ ಡಿಸ್ಕ್ ಇದ್ದರೆ ಅದನ್ನು ಈಗ ಜೋಡಿಸಲೇಬೇಡಿ, ಅದೂ ಹೋಗುತ್ತದೆ. ಚೀಟಿಯ ಫೋಟೋ ತೆಗೆಯಿರಿ.

ಚಿಕ್ಕ ವ್ಯಾಪಾರದಲ್ಲಿ ಇದು ಒಳಗೆ ಬರುವ ದೊಡ್ಡ ದಾರಿ ರಿಮೋಟ್ ಡೆಸ್ಕ್‌ಟಾಪ್, ಅಂದರೆ ದೂರದಿಂದ ಕಂಪ್ಯೂಟರ್ ನಡೆಸುವ ಸೌಲಭ್ಯ. ಆಡಿಟರ್ ಮನೆಯಿಂದಲೇ ಟ್ಯಾಲಿ ನೋಡಲಿ ಅಂತ ಯಾರೋ ಒಮ್ಮೆ 3389 ಪೋರ್ಟ್ ತೆರೆದಿರುತ್ತಾರೆ. ಆಮೇಲೆ ಎಲ್ಲರೂ ಮರೆತಿರುತ್ತಾರೆ. ಕಂಪನಿಯವರು ಅದನ್ನು ಮುಚ್ಚುವುದಿಲ್ಲ. ನೀವು ಕೇಳಿದ್ದಕ್ಕೇ ತೆರೆದದ್ದು ಅಂತ ಅವರ ಲೆಕ್ಕ. ತಿಪಟೂರಿನ ಕೊಬ್ಬರಿ ಮಂಡಿ ಇರಲಿ, ಅಂತರಸನಹಳ್ಳಿಯ ಫ್ಯಾಕ್ಟರಿ ಇರಲಿ, ಈ ಒಂದು ಪೋರ್ಟ್ ಇವತ್ತೇ ನೋಡಿ. ದೂರದಿಂದ ಕೆಲಸ ಬೇಕೇಬೇಕು ಅಂದರೆ ಬೀಗ ಹಾಕಿದ ಖಾಸಗಿ ದಾರಿಯಂಥ ವಿಪಿಎನ್ ಮೂಲಕ ಮಾಡಿಸಿಕೊಳ್ಳಿ.

ದುಡ್ಡು ಕಟ್ಟುವ ಮುಂಚೆ ನೋ ಮೋರ್ ರಾನ್ಸಮ್ ಅನ್ನೋ ತಾಣ ನೋಡಿ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ನೆದರ್‌ಲ್ಯಾಂಡ್ಸ್ ಪೊಲೀಸರು ಮತ್ತಿತರರು ಸೇರಿ 2016ರಲ್ಲಿ ಶುರು ಮಾಡಿದ್ದು. ಕೆಲವು ಬಗೆಯ ಬೀಗಕ್ಕೆ ಅಲ್ಲಿ ಪುಕ್ಕಟೆ ಕೀಲಿ ಸಿಗುತ್ತದೆ. ಜಿಲ್ಲೆಯಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ದೂರು ಕೊಡಿ. ಕಂಪನಿ ಹೆಸರಲ್ಲಿ ವ್ಯವಹಾರ ಇದ್ದರೆ ನಿಮಗೆ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರ ಏಪ್ರಿಲ್ ಆದೇಶ ಹೇಳುತ್ತದೆ. ಅದೇ ಆದೇಶದ ಪ್ರಕಾರ ಸೇವೆ ಕೊಡುವವರು ಲಾಗ್‌ಗಳನ್ನು, ಅಂದರೆ ಯಾವಾಗ ಏನಾಯಿತು ಅನ್ನೋ ದಾಖಲೆಗಳನ್ನು, 180 ದಿನ ಇಡಬೇಕು. ತಡ ಮಾಡಿದರೆ ಸುಳಿವು ಅಳಿಯುತ್ತದೆ.

"ನಿಮ್ಮ ಬ್ರಾಡ್‌ಬ್ಯಾಂಡ್ ಕಂಪನಿಯಿಂದ" ಅಂತ ಫೋನ್ ಬರುತ್ತದೆ

ಲೈನ್ ಕಟ್ ಆಗುತ್ತೆ ಸರ್, ಒಂದು ಆ್ಯಪ್ ಹಾಕ್ಕೊಳ್ಳಿ, ಒಂದು ನಂಬರ್ ಹೇಳಿ ಅಂತಾರೆ. ಫೋನ್ ಇಡಿ. ಬಿಲ್ ಮೇಲಿರುವ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ. ಪರದೆ ಹಂಚಿಕೊಳ್ಳುವ ಆ್ಯಪ್ ಆಗಲೇ ಹಾಕಿದ್ದರೆ ಫೋನ್ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ದುಡ್ಡು ಹೋಗಿದ್ದರೆ 1930ಕ್ಕೆ ತಕ್ಷಣ ಕರೆ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ಮುಂದೆ ದಾಟುವ ಮೊದಲೇ ತಡೆಯುವ ಅವಕಾಶ ಜಾಸ್ತಿ.

ನಿಮ್ಮ ಸಂಪರ್ಕದಲ್ಲಿ ಸೋಂಕು ಇದೆ ಅಂತ ಸಂದೇಶ ಬಂದಿದೆ

ಇದು ನಿಜವೂ ಇರಬಹುದು. ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಸೋಂಕು ತಗುಲಿದ ಸಂಪರ್ಕಗಳನ್ನು ಪತ್ತೆ ಮಾಡಿ, ನೆಟ್ ಕಂಪನಿಗಳ ಮೂಲಕ ಗ್ರಾಹಕರಿಗೆ ತಿಳಿಸುತ್ತದೆ. ಕಂಪನಿಯ ಮಾತು ನಂಬಬೇಕಾದ ಜಾಗ ಇದು. ಒಳಗಿಂದ ನಮಗೆ ಕಾಣದ್ದು ಹೊರಗಿಂದ ಅವರಿಗೆ ಕಾಣುತ್ತದೆ. ಆದರೂ ಸಂದೇಶದಲ್ಲಿನ ಲಿಂಕ್ ಒತ್ತಬೇಡಿ. ಕೇಂದ್ರದ ತಾಣಕ್ಕೆ ನೀವೇ ಹೋಗಿ, ಅಲ್ಲಿ ಪುಕ್ಕಟೆಯಾಗಿ ಸಿಗುವ ಸ್ವಚ್ಛಗೊಳಿಸುವ ಸಾಧನ ಇಳಿಸಿಕೊಳ್ಳಿ. ಎಲ್ಲ ಕಂಪ್ಯೂಟರ್, ಫೋನ್ ಪರೀಕ್ಷಿಸಿದರೂ ಏನೂ ಸಿಗದಿದ್ದರೆ ಕ್ಯಾಮೆರಾ, ಟಿವಿ ಬಾಕ್ಸ್‌ಗಳನ್ನು ಒಂದೊಂದಾಗಿ ಎರಡೆರಡು ದಿನ ಬಿಡಿಸಿಟ್ಟು ನೋಡಿ. ಯಾವುದನ್ನು ತೆಗೆದಾಗ ದೂರು ನಿಲ್ಲುತ್ತದೋ ಅದೇ ಕಳ್ಳ ಸಾಧನ. ಅಪ್‌ಡೇಟ್ ಸಿಗದ ಹಳೆಯ ಡಬ್ಬ ಆಗಿದ್ದರೆ ರಿಪೇರಿ ಇಲ್ಲ, ಬದಲಿಸಬೇಕು.

ಮಂಡಿಪೇಟೆಯ ಆ ಅಂಗಡಿಗೆ ಆ ಸಂಜೆಯೇ ಹೊಸ ಪಾಸ್‌ವರ್ಡ್ ಎರಡೂ ಹಾಕಿದೆವು. ಪಟ್ಟಿ ಆರಕ್ಕೆ ಇಳಿಯಿತು, ಬಿಲ್ ಓಡತೊಡಗಿತು. ಮೋಡೆಮ್ ಒಳಗಿನ ಪಾಸ್‌ವರ್ಡನ್ನು ಹಿರಿಯರು ತಮ್ಮ ಕೈಯಾರೆ ಬರೆದು, ಗಲ್ಲಾಪೆಟ್ಟಿಗೆ ಒಳಗೆ ಲೆಕ್ಕದ ಪುಸ್ತಕದ ಜೊತೆ ಇಟ್ಟು ಬೀಗ ಹಾಕಿದರು.